ಕಾಂಡದಿಂದ ಶುರುಮಾಡಿ ನೋಡೋಣ: ಪೈನ್ ಮತ್ತು ಸೈಕ್ಯಾಡ್

ಪೈನ್ ಮರದ ಒಂದು ಕೊರಡು, ಹೆಚ್ಚುಕಡಿಮೆ ಅಷ್ಟೇ ದಪ್ಪದ, ಸೈಕ್ಯಾಡ್ ಗುಂಪಿನ ಸೈಕಸ್ ಗಿಡದ ಒಂದು ಕಾಂಡ. ಎರಡನ್ನೂ ಅಡ್ಡಡ್ಡ ಕೊಯ್ದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡಿದ್ದೀರಿ ಅಂದುಕೊಳ್ಳಿ. ಪೈನ್ ತುಂಡಿನ ನಟ್ಟನಡುವೆ ಪೆನ್ಸಿಲಿನ ಸೀಸದಷ್ಟು ಸಣ್ಣ ದಿಂಡು, ಅಂಚಿನಲ್ಲಿ ತೊಗಟೆ, ಮಿಕ್ಕಿದ್ದೆಲ್ಲ ಗಟ್ಟಿ ಮರ. ಸೈಕಸ್ ತುಂಡಿನಲ್ಲಿ ಲೆಕ್ಕವೇ ಬೇರೆ. ನಡುವೆ ಅಂಗೈಯಗಲದ ಬಿಳಿ ದಿಂಡು, ಹೊರಗೆ ಅಷ್ಟೇ ಮೆತ್ತಗಿನ ದಪ್ಪ ಪದರ, ಇವೆರಡರ ಮಧ್ಯೆ ಬಳೆಯ ಹಾಗೆ ತೆಳ್ಳಗಿನ ಮರ. ಪೈನ್ ಕೊಯ್ದ ಚಾಕುವಿಗೆ ಗಮ್ಮೆನ್ನುವ ರಾಳ ಅಂಟುತ್ತದೆ. ಸೈಕಸ್ ಕೊಯ್ದ ಚಾಕುವಿಗೆ ವಾಸನೆಯಿಲ್ಲದ ಲೋಳೆ ಹತ್ತುತ್ತದೆ.

ಈ ಎರಡು ಗಿಡಗಳ ಹೋಲಿಕೆಯನ್ನು ಸಾಮಾನ್ಯವಾಗಿ ಎರಡು ಕಲಮಿನ ಪಟ್ಟಿಯಾಗಿ ಕಲಿಸುತ್ತಾರೆ. ಎಡಕ್ಕೆ ಸೈಕಸ್, ಬಲಕ್ಕೆ ಪೈನಸ್, ಕೆಳಗೆ ಇಪ್ಪತ್ತು ವ್ಯತ್ಯಾಸ. ಪಟ್ಟಿಯಲ್ಲಿ ತಪ್ಪೇನೂ ಇರುವುದಿಲ್ಲ, ಆದರೆ ಒಂದು ಸಾಲಿಗೂ ಇನ್ನೊಂದು ಸಾಲಿಗೂ ಏನು ಸಂಬಂಧ ಎನ್ನುವುದೇ ಅದರಲ್ಲಿ ಇರುವುದಿಲ್ಲ. ಹಾಗಾಗಿ ಓದಿದ್ದು ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತದೆ. ಈ ಉಪನ್ಯಾಸದಲ್ಲಿ ಹಾಗೆ ಮಾಡದೆ ಕಾಂಡದಿಂದ ಶುರುಮಾಡೋಣ. ಎಲೆ, ಶಂಕು (ಪರಾಗ ಇಲ್ಲವೇ ಬೀಜ ಹೊರುವ ಹುರುಪೆಗಳ ಗೊಂಚಲು), ಬೀಜ ಹೀಗೇ ಏಕೆ ಇವೆ ಎನ್ನುವುದಕ್ಕೆ ಹೆಚ್ಚಿನ ಕಾರಣಗಳು ಮೇಜಿನ ಮೇಲಿರುವ ಆ ಎರಡು ತುಂಡುಗಳಲ್ಲೇ ಸಿಗುತ್ತವೆ.

ಎರಡೂ ಅನಾವೃತಬೀಜಿಗಳು. ಅಂದರೆ ಹೂವಿಲ್ಲ, ಕಾಯಿಯಿಲ್ಲ. ಮುಂದೆ ಬೀಜವಾಗುವ ಅಂಡಕವು ಅಂಡಾಶಯದೊಳಗೆ ಮುಚ್ಚಿಕೊಳ್ಳದೆ ಬಯಲಿಗೆ ತೆರೆದುಕೊಂಡಿರುತ್ತದೆ. ಸೈಕ್ಯಾಡ್‌ಗಳಲ್ಲಿ ಇಂದು ಬದುಕಿರುವ ಕುಲಗಳು ಹತ್ತು: ಸೈಕಸ್, ಜೇಮಿಯಾ, ಎನ್ಸೆಫಲಾರ್ಟಸ್, ಮ್ಯಾಕ್ರೊಜೇಮಿಯಾ, ಡಯೂನ್ ಮುಂತಾದವು. ಪ್ರಭೇದಗಳು 350ಕ್ಕೂ ಹೆಚ್ಚು. ಪೈನ್ ಎನ್ನುವುದು ಒಂದೇ ಕುಲ, ಅದರಲ್ಲಿ ನೂರಕ್ಕೂ ಮಿಕ್ಕಿ ಪ್ರಭೇದಗಳು. ಅವೆಲ್ಲ ಉತ್ತರಾರ್ಧ ಗೋಳದವು. ಸುಮಾತ್ರಾ ದ್ವೀಪದಲ್ಲಿ ಪೈನಸ್ ಮರ್ಕುಸಿ ಒಂದು ಮಾತ್ರ ಸಮಭಾಜಕ ವೃತ್ತ ದಾಟಿದೆ. ಸೈಕ್ಯಾಡ್ ಬಿಸಿನಾಡಿನ ಗಿಡ. ಪೈನ್ ಹಿಮದ ಗಡಿಯವರೆಗೂ ಹೋಗುವ ಮರ.

ಒಂದೇ ಮೊಗ್ಗಿನ ಮೇಲೆ ನಿಂತ ಬದುಕು

ಪೈನ್ ಮರದ ಹತ್ತರಲ್ಲಿ ಒಂಬತ್ತು ಪಾಲು ಟ್ರೇಕೀಡ್ ಎಂಬ ಉದ್ದನೆಯ ಸತ್ತ ಜೀವಕೋಶಗಳು. ಒಂದೊಂದೂ ಕೆಲವೇ ಮಿಲಿಮೀಟರ್ ಉದ್ದ. ನೀರು ಒಂದರಿಂದ ಇನ್ನೊಂದಕ್ಕೆ ಪಕ್ಕದ ಗೋಡೆಯ ಗುಳಿಗಳ ಮೂಲಕ ದಾಟುತ್ತದೆ. ಈ ಗುಳಿಯ ನಡುವೆ ತೆಳುಪೊರೆಗೆ ತೂಗುಬಿದ್ದ ಒಂದು ಪುಟ್ಟ ಬಿಲ್ಲೆ ಇದೆ, ಅದರ ಹೆಸರು ಟೋರಸ್. ಬರದಲ್ಲೋ ಹಿಮ ಕರಗುವಾಗಲೋ ಒಂದು ಟ್ರೇಕೀಡಿನೊಳಗೆ ಗಾಳಿಗುಳ್ಳೆ ಹೊಕ್ಕರೆ ಒತ್ತಡದ ವ್ಯತ್ಯಾಸಕ್ಕೆ ಬಿಲ್ಲೆ ಒಂದು ಪಕ್ಕಕ್ಕೆ ಸರಿದು ಬಾಯಿ ಮುಚ್ಚಿಬಿಡುತ್ತದೆ. ಕೆಟ್ಟ ಕೊಳವೆ ಒಂದೇ, ಪಕ್ಕದ್ದಕ್ಕೆ ಅದು ಹರಡುವುದಿಲ್ಲ. ಈ ಏರ್ಪಾಡು ಇರುವುದರಿಂದಲೇ ಅಮೆರಿಕದ ಪಶ್ಚಿಮದ ಸಕ್ಕರೆ ಪೈನ್ 80 ಮೀಟರಿನ ಮೇಲಕ್ಕೂ ನೀರೇರಿಸಬಲ್ಲದು, ಕ್ಯಾಲಿಫೋರ್ನಿಯಾದ ಒಣ ಬೆಟ್ಟಗಳ ಬ್ರಿಸಲ್‌ಕೋನ್ ಪೈನ್ 4,800 ವರ್ಷ ದಾಟಿ ನಿಲ್ಲಬಲ್ಲದು.

ಸೈಕ್ಯಾಡ್‌ಗೂ ಟ್ರೇಕೀಡ್ ಇದೆ, ಆದರೆ ಮರದ ಪ್ರಮಾಣ ತೀರಾ ಕಡಿಮೆ, ಅದರೊಳಗೂ ಅಗಲವಾದ ಮೆತ್ತನೆಯ ಕಿರಣಗಳು ಹೊಕ್ಕಿವೆ. ಅದರ ಕಾಂಡ ಕಂಬವಾಗುವುದಕ್ಕಿಂತ ಹೆಚ್ಚಾಗಿ ಕಣಜ. ದಿಂಡು, ಹೊರಪದರ ಎರಡರ ತುಂಬ ಪಿಷ್ಟ. ಗಟ್ಟಿತನ ಬಹುಪಾಲು ಬರುವುದು ಹೊರಗೆ ಕವಚದ ಹಾಗೆ ಉಳಿದುಕೊಳ್ಳುವ ಹಳೆಯ ಎಲೆಬುಡಗಳಿಂದ. ಇಂಥ ಕಾಂಡ ಕೊಂಬೆಗಳ ಭಾರ ಹೊರಲಾರದು, ಹಾಗಾಗಿ ಸಾಮಾನ್ಯವಾಗಿ ಕವಲೊಡೆಯುವುದೂ ಇಲ್ಲ. ಸೈಕ್ಯಾಡ್‌ಗಳಲ್ಲಿ ಅತಿ ಎತ್ತರದ್ದೆನಿಸಿದ ಆಸ್ಟ್ರೇಲಿಯಾದ ಲೆಪಿಡೊಜೇಮಿಯಾ ಹೋಪಿಯೇ 15 ಮೀಟರಿನ ಆಚೀಚೆ ನಿಲ್ಲುತ್ತದೆ.

ಕವಲಿಲ್ಲ ಅಂದಮೇಲೆ ತುದಿಮೊಗ್ಗು ಒಂದೇ. ಆ ಒಂದು ಮೊಗ್ಗು ಇಡೀ ಗಿಡದ ಎಲೆಗಳನ್ನೆಲ್ಲ ಕೊಡಬೇಕು. ಅದಕ್ಕೇ ಅದು ಅಷ್ಟು ದೊಡ್ಡದು: ಹೆಚ್ಚಿನ ಗಿಡಗಳ ಬೆಳವಣಿಗೆಯ ತುದಿ ಮಿಲಿಮೀಟರಿನ ಒಂದು ಸಣ್ಣ ಭಾಗವಷ್ಟೇ ಇದ್ದರೆ ಸೈಕಸ್ ರೆವೊಲ್ಯೂಟಾದಲ್ಲಿ ಅದು 3 ಮಿ.ಮೀ. ದಾಟುತ್ತದೆ. ದೊಡ್ಡ ತುದಿಯಿಂದ ದೊಡ್ಡ ಎಲೆ. ಒಂದೊಂದು ಗರಿಯೂ ಒಂದು ಮೀಟರ್, ಕೆಲವು ಪ್ರಭೇದಗಳಲ್ಲಿ ಎರಡು ಮೀಟರಿಗೂ ಉದ್ದ. ಅವು ಒಂದೊಂದಾಗಿ ಬರುವುದಿಲ್ಲ, ಇಡೀ ಒಂದು ಸುತ್ತು ಒಟ್ಟಿಗೇ ಏಳುತ್ತದೆ. ಕಣಜದಲ್ಲಿ ಕೂಡಿಟ್ಟ ಪಿಷ್ಟ ಕರಗುವುದು ಆ ಕೆಲವು ವಾರಗಳಲ್ಲಿ.

ಪೈನ್ ಇದಕ್ಕೆ ವಿರುದ್ಧ ದಾರಿ ಹಿಡಿದಿದೆ: ಸಾವಿರಾರು ಸಣ್ಣ ಮೊಗ್ಗು, ಸಾವಿರಾರು ಸಣ್ಣ ಎಲೆ. ಇಲ್ಲಿ ಒಂದು ವಿಷಯ ಬಹಳ ಜನರಿಗೆ ತಪ್ಪುತ್ತದೆ. ಪೈನ್‌ನ ಸೂಜಿಗಳು ಕೊಂಬೆಯ ಮೇಲೆ ನೇರವಾಗಿ ಹುಟ್ಟಿದವಲ್ಲ. ಕೊಂಬೆಯ ಮೇಲೆ ಇರುವುದು ಕಂದು ಹೊಟ್ಟೆಲೆಗಳು. ಅವುಗಳ ಕಂಕುಳಲ್ಲಿ ಕೆಲವೇ ಮಿಲಿಮೀಟರಿನ ಕುಳ್ಳರೆಂಬೆ ಹುಟ್ಟುತ್ತದೆ, ಸೂಜಿಗಳ ಗೊಂಚಲು ಇರುವುದು ಆ ಕುಳ್ಳರೆಂಬೆಯ ತುದಿಯಲ್ಲಿ. ಉದುರುವಾಗಲೂ ಸೂಜಿ ಒಂಟಿಯಾಗಿ ಉದುರದೆ ಗೊಂಚಲಿಗೆ ಗೊಂಚಲೇ ಬೀಳುತ್ತದೆ. ಅಂದರೆ ಮರ ಒಂದು ಇಡೀ ರೆಂಬೆಯನ್ನೇ ಕಳಚುತ್ತದೆ. ಗೊಂಚಲಿನಲ್ಲಿ ಎಷ್ಟು ಸೂಜಿ ಎಂಬುದು ಪ್ರಭೇದ ಗುರುತಿಸಲು ಮೊದಲ ಸುಳಿವು. ಪೈನಸ್ ಮೊನೊಫಿಲಾದಲ್ಲಿ ಒಂದು, ಸಿಲ್ವೆಸ್ಟ್ರಿಸ್‌ನಲ್ಲಿ ಎರಡು, ರಾಕ್ಸ್‌ಬರ್ಗಿಯಲ್ಲಿ ಮೂರು, ವಾಲಿಚಿಯಾನಾದಲ್ಲಿ ಐದು. ಗೊಂಚಲಿನ ಸೂಜಿಗಳನ್ನೆಲ್ಲ ಒತ್ತಿ ಜೋಡಿಸಿದರೆ ಒಂದು ದುಂಡನೆಯ ಕಡ್ಡಿಯಾಗುತ್ತದೆ. ಹಾಗಾಗಿ ಎರಡು ಸೂಜಿಯದರಲ್ಲಿ ಅಡ್ಡಕೊಯ್ತ ಅರ್ಧಚಂದ್ರ, ಮೂರು ಅಥವಾ ಐದರದರಲ್ಲಿ ತ್ರಿಕೋನ.

ಈ ಕೊಯ್ತವನ್ನು ಮನೆಯಲ್ಲೇ ಮಾಡಿ ನೋಡಬಹುದು. ಕ್ಯಾರೆಟ್ ತುಂಡನ್ನು ಸೀಳಿ ನಡುವೆ ಹಸಿ ಸೂಜಿ ಇಟ್ಟು, ಹೊಸ ಬ್ಲೇಡಿನಿಂದ ಒಂದೇ ದಿಕ್ಕಿಗೆ ಎಳೆಯುತ್ತಾ ಹದಿನೈದು ಇಪ್ಪತ್ತು ತೆಳುಪದರ ನೀರಿಗೆ ಬೀಳಿಸಿ. ತೇಲುವಷ್ಟು ತೆಳ್ಳಗಿರುವ ಎರಡು ಮೂರನ್ನು ಆರಿಸಿ ಶೇಕಡ 1ರ ಬಣ್ಣದ ದ್ರಾವಣ ಸಫ್ರನಿನ್‌ನಲ್ಲಿ ಮೂರು ನಾಲ್ಕು ನಿಮಿಷ ಇಟ್ಟು, ತೊಳೆದು, ಗ್ಲಿಸರಿನ್ ಹನಿಯಲ್ಲಿ ನೋಡಿ. ಪದರ ಹರಿದು ಹೋಗುತ್ತಿದ್ದರೆ ಕಾರಣ ಸಾಮಾನ್ಯವಾಗಿ ಬ್ಲೇಡಿನ ಮೊಂಡುತನ. ಪೈನ್ ಸೂಜಿಯ ಹೊರಚರ್ಮದ ಕೆಳಗೆ ದಪ್ಪಗೋಡೆಯ ಇನ್ನೊಂದು ಪದರವಿದೆ, ಮೊಂಡು ಬ್ಲೇಡು ಅದನ್ನು ಕೊಯ್ಯದೆ ಜಗ್ಗುತ್ತದೆ. ಚೆನ್ನಾಗಿ ಬಂದ ಪದರದಲ್ಲಿ ಹೊರಗಿನಿಂದ ಒಳಕ್ಕೆ ಹೀಗೆ ಕಾಣುತ್ತದೆ: ದಪ್ಪ ಮೇಣದ ಪೊರೆ, ಗುಳಿಬಿದ್ದ ಪತ್ರರಂಧ್ರಗಳು, ಗೋಡೆಗಳು ಒಳಕ್ಕೆ ಮಡಚಿಕೊಂಡ ಹಸಿರು ಜೀವಕೋಶಗಳು, ಅವುಗಳ ನಡುವೆ ರಾಳನಾಳದ ದುಂಡು ಕಣ್ಣುಗಳು, ಆಮೇಲೆ ಒಂದು ಸ್ಪಷ್ಟವಾದ ಉಂಗುರ, ಅದರೊಳಗೆ ನೀರಿನ ನಾಳದ ಕಂತೆ ಒಂದು ಇಲ್ಲವೇ ಎರಡು. ಒಂದು ಕಂತೆಯಿದ್ದರೆ ಮೆದುಪೈನ್‌ಗಳ ಗುಂಪು, ಎರಡಿದ್ದರೆ ಗಡಸುಪೈನ್‌ಗಳ ಗುಂಪು.

ಇದೇ ಕೆಲಸವನ್ನು ಸೈಕಸ್‌ನ ಒಂದು ಕಿರುಎಲೆಯಲ್ಲಿ ಮಾಡಿದರೆ ಅಚ್ಚರಿಯಾಗುತ್ತದೆ. ಅಲ್ಲೂ ಅದೇ ದಪ್ಪ ಪೊರೆ, ಅದೇ ಗುಳಿಬಿದ್ದ ರಂಧ್ರ, ಅದೇ ಗಟ್ಟಿ ಕೆಳಪದರ. ಕಿರುಎಲೆಯಲ್ಲಿ ನಡುನರ ಒಂದೇ ಒಂದು, ಪಕ್ಕದ ನರಗಳೇ ಇಲ್ಲ. ನಡುನರದಿಂದ ಅಂಚಿನವರೆಗೆ ನೀರು ಮುಟ್ಟಿಸುವುದು ಅಡ್ಡಲಾಗಿ ಮಲಗಿದ ಟ್ರೇಕೀಡಿನಂಥ ಜೀವಕೋಶಗಳ ಪದರ. ಇದಕ್ಕೆ ವರ್ಗಾವಣೆ ಅಂಗಾಂಶ ಎನ್ನುತ್ತಾರೆ, ಪೈನ್ ಸೂಜಿಯ ಉಂಗುರದೊಳಗೆ ಇರುವುದೂ ಇದೇ ಜಾತಿಯದು. ಹೊರನೋಟಕ್ಕೆ ತೆಂಗಿನ ಗರಿಯ ಹಾಗಿರುವ ಎಲೆಗೂ ಸೂಜಿಗೂ ಒಳಗೆ ಇಷ್ಟು ಹೋಲಿಕೆ ಏಕೆ? ಎರಡೂ ವರ್ಷಗಟ್ಟಲೆ ಉಳಿಯಬೇಕಾದ ಎಲೆಗಳು. ಬ್ರಿಸಲ್‌ಕೋನ್ ಪೈನ್‌ನ ಸೂಜಿ ಮೂವತ್ತು ವರ್ಷವೂ ಮರದ ಮೇಲಿರುತ್ತದೆ. ಹಾಗೆ ಉಳಿಯುವ ಎಲೆಗೆ ನೀರು ಕಳೆದುಕೊಳ್ಳದ ಕಟ್ಟೋಣ ಬೇಕೇ ಬೇಕು.

ಕಾಂಡ ಬಿಡುವ ಮುನ್ನ ಎರಡು ಎಚ್ಚರಿಕೆ. ಸೈಕಸ್ ಕಾಂಡದ ಕೊಯ್ತದಲ್ಲಿ ಹಲವು ಮರದ ಉಂಗುರಗಳು ಕಂಡರೆ ಅದನ್ನು ವಯಸ್ಸೆಂದು ಎಣಿಸಬೇಡಿ. ಸೈಕಸ್‌ನಲ್ಲಿ ಹಳೆಯ ಕ್ಯಾಂಬಿಯಂ, ಅಂದರೆ ಮರ ಬೆಳೆಸುವ ಪದರ, ನಿಂತುಹೋಗಿ ಹೊರಗೆ ಹೊಸದು ಹುಟ್ಟುತ್ತದೆ. ಉಂಗುರಗಳು ಅದರ ಗುರುತು, ವರ್ಷದ್ದಲ್ಲ. ವಯಸ್ಸಿನ ಅಂದಾಜು ಬೇಕಿದ್ದರೆ ಕಾಂಡದ ಮೇಲಿನ ಎಲೆಬುಡಗಳನ್ನು ಎಣಿಸಿ, ವರ್ಷಕ್ಕೆ ಸರಾಸರಿ ಬರುವ ಎಲೆಗಳಿಂದ ಭಾಗಿಸಬೇಕು. ಇನ್ನೊಂದು ಪೈನ್ ಬಗ್ಗೆ. ಸೂಜಿಯಿಲ್ಲದ ಹಳೆಯ ಕೊಂಬೆಯವರೆಗೆ ಸವರಿದರೆ ಹೆಚ್ಚಿನ ಪೈನ್‌ಗಳಲ್ಲಿ ಆ ಕೊಂಬೆ ಮತ್ತೆ ಚಿಗುರುವುದಿಲ್ಲ, ಅಲ್ಲಿ ಎಚ್ಚರಗೊಳ್ಳಬಲ್ಲ ಮೊಗ್ಗೇ ಉಳಿದಿರುವುದಿಲ್ಲ. ಕ್ಯಾನರಿ ದ್ವೀಪಗಳ ಪೈನ್‌ನಂಥವು ಅಪವಾದ. ಬೆಂಕಿಯಲ್ಲಿ ಸುಟ್ಟ ಬೊಡ್ಡೆಯ ಮೇಲೆಲ್ಲ ಅದು ಹಸಿರು ಚಿಗುರು ತಳೆಯುತ್ತದೆ.

ಬೇರಿನ ಗೆಳೆಯರು

ಸೈಕಸ್ ಗಿಡದ ಬುಡದ ಮಣ್ಣನ್ನು ಬೆರಳಿನಿಂದ ಕೆದಕಿದರೆ ಮೇಲ್ಮಣ್ಣಿನಲ್ಲೇ ಹವಳದ ಹಾಗೆ ಮೊಂಡುಮೊಂಡಾಗಿ ಕವಲೊಡೆದ ಬೇರುಗಳು ಸಿಗುತ್ತವೆ. ಬೇರಿನ ಸ್ವಭಾವಕ್ಕೆ ವಿರುದ್ಧವಾಗಿ ಇವು ಮೇಲ್ಮುಖವಾಗಿ ಬೆಳೆಯುತ್ತವೆ. ಒಂದನ್ನು ಮುರಿದು ಭೂತಗನ್ನಡಿಯಲ್ಲಿ ನೋಡಿ, ಬಿಳಿ ತೊಗಟೆಯ ನಡುವೆ ನೀಲಿಹಸಿರು ಉಂಗುರ ಕಾಣುತ್ತದೆ. ಅದು ನಾಸ್ಟಾಕ್‌ನಂಥ ಸಯನೋಬ್ಯಾಕ್ಟೀರಿಯಾ, ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಕತ್ತಲಲ್ಲಿ ಬದುಕುವ ಅದಕ್ಕೆ ಸಕ್ಕರೆ ಕೊಡುವುದು ಗಿಡ. ಹವಳಬೇರನ್ನು ಕಂಡು ರೋಗದ ಗಂಟೆಂದು ಕತ್ತರಿಸಿ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಗಿಡದ ಗೊಬ್ಬರದ ಕೊಠಡಿ.

ಪೈನ್‌ಗೆ ಈ ಗೆಳೆತನ ಶಿಲೀಂಧ್ರದ ಜೊತೆ. ಸಣ್ಣ ಬೇರುಗಳ ತುದಿ ಇಬ್ಭಾಗವಾಗಿ ಕವಲೊಡೆದು, ಮೇಲೆ ಶಿಲೀಂಧ್ರದ ಎಳೆಗಳ ಕವಚ ತೊಟ್ಟಿರುತ್ತದೆ. ಎಳೆಗಳು ಬೇರಿನ ಜೀವಕೋಶಗಳ ನಡುವೆ ಬಲೆ ಹೆಣೆಯುತ್ತವೆ, ಒಳಹೊಗುವುದಿಲ್ಲ. ರಂಜಕ, ಸಾರಜನಕ, ನೀರು ಈ ದಾರಿಯಲ್ಲಿ ಬರುತ್ತವೆ. ಪೈನ್ ಇಲ್ಲದ ನಾಡುಗಳಿಗೆ ಬೀಜ ಮಾತ್ರ ಒಯ್ದು ಸಸಿಮಡಿ ಮಾಡಿದಾಗ ಎಷ್ಟೋ ಕಡೆ ಸಸಿಗಳು ಹಳದಿಯಾಗಿ ಗಿಡ್ಡಗೆ ನಿಂತುಬಿಟ್ಟವು. ಪೈನ್ ಕಾಡಿನ ಒಂದು ಹಿಡಿ ಮಣ್ಣು ಬೆರೆಸಿದ ಮೇಲೆ ಅವೇ ಸಸಿಗಳು ಹಸಿರಾದವು.

ಸಂಗಾತಿಯನ್ನು ತಲುಪುವ ದಾರಿ

ಈಗ ಸಂತಾನಕ್ಕೆ ಬರೋಣ. ಸೈಕ್ಯಾಡ್‌ಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಇದಕ್ಕೆ ಒಂದು ಪ್ರಭೇದವೂ ಹೊರತಲ್ಲ. ಪೈನ್‌ನಲ್ಲಿ ಒಂದೇ ಮರದಲ್ಲಿ ಎರಡೂ ಬಗೆಯ ಶಂಕುಗಳು: ಗಂಡು ಸಾಮಾನ್ಯವಾಗಿ ಕೆಳಗಿನ ಕೊಂಬೆಗಳಲ್ಲಿ, ಹೆಣ್ಣು ಮೇಲಿನವುಗಳಲ್ಲಿ. ಹೀಗಿದ್ದರೆ ತನ್ನದೇ ಪರಾಗ ತನ್ನ ಮೇಲೆ ಬೀಳುವುದು ಅಷ್ಟಿಷ್ಟು ತಪ್ಪುತ್ತದೆ.

ಗಂಡು ಶಂಕುವಿನ ಲೆಕ್ಕಾಚಾರವೇ ಕಥೆ ಹೇಳುತ್ತದೆ. ಪೈನ್‌ನ ಗಂಡು ಶಂಕು ಎರಡು ಮೂರು ಸೆಂಟಿಮೀಟರಿನದು, ಗುಂಪುಗುಂಪಾಗಿ ಬರುತ್ತದೆ, ಒಂದೊಂದು ಹುರುಪೆಯ ಕೆಳಗೂ ಎರಡೇ ಪರಾಗಚೀಲ. ಸೈಕಸ್‌ನದು ಅರ್ಧ ಮೀಟರಿನ ಆಸುಪಾಸಿನ ಒಂದೇ ಶಂಕು, ಒಂದೊಂದು ಹುರುಪೆಯ ತಳಭಾಗದಲ್ಲೂ ಮೂರರಿಂದ ಐದರ ಗುಂಪಿನಲ್ಲಿ ನೂರಾರು ಚೀಲಗಳು.

ಪೈನ್ ಒತ್ತೊತ್ತಾಗಿ ಕಾಡುಕಟ್ಟುವ ಮರ, ಅಲ್ಲಿ ಗಾಳಿ ಸಾಕು. ಪರಾಗದ ಕಣಕ್ಕೆ ಎರಡು ಗಾಳಿಚೀಲ, ಋತುವಿನಲ್ಲಿ ಕಾಡಿನ ಮೇಲೆ ಹಳದಿ ಮೋಡವೇ ಏಳುತ್ತದೆ. ಆದರೆ ಗಾಳಿಚೀಲದ ಇನ್ನೊಂದು ಕೆಲಸವನ್ನು ಹೆಚ್ಚಿನ ಪುಸ್ತಕಗಳು ಬಿಟ್ಟುಬಿಡುತ್ತವೆ. ಪರಾಗ ಬೀಳುವ ಹೊತ್ತಿಗೆ ಹೆಣ್ಣು ಶಂಕು ನೆಟ್ಟಗೆ ನಿಂತಿರುತ್ತದೆ, ಅಂಡಕದ ಬಾಯಿ ಕೆಳಮುಖವಾಗಿ ನಡುದಂಡಿನ ಕಡೆಗಿರುತ್ತದೆ. ಆ ಬಾಯಿಯಿಂದ ಒಂದು ಅಂಟುಹನಿ ಹೊರಬರುತ್ತದೆ. ಹನಿಗೆ ಸಿಕ್ಕ ಪರಾಗ ಗುಳ್ಳೆಯ ಹಾಗೆ ಮೇಲಕ್ಕೆ ತೇಲಿ ಅಂಡಕದೊಳಗೆ ಸೇರುತ್ತದೆ. ಚೀಲವಿಲ್ಲದ ಕಸ, ಧೂಳು, ಬೇರೆ ಗಿಡಗಳ ಪರಾಗ ಹಾಗೆ ತೇಲುವುದಿಲ್ಲ. ಅಂದರೆ ಗಾಳಿಚೀಲ ರೆಕ್ಕೆಯೂ ಹೌದು, ಜರಡಿಯೂ ಹೌದು.

ಸೈಕ್ಯಾಡ್ ಗಿಡಗಳು ಹಲವು ಕಡೆ ಚದುರಿ ನಿಲ್ಲುತ್ತವೆ, ಗಂಡು ಹೆಣ್ಣು ಬೇರೆಯಾದ್ದರಿಂದ ದೂರ ಇನ್ನೂ ಹೆಚ್ಚು. ಗಾಳಿಯನ್ನೇ ನಂಬಿ ಕೂತರೆ ನಡೆಯದು. ಬಹಳ ಕಾಲ ಇವು ಗಾಳಿಪರಾಗದ ಗಿಡಗಳೆಂದೇ ಪುಸ್ತಕಗಳಲ್ಲಿ ಇತ್ತು. 1980ರ ದಶಕದಲ್ಲಿ ಜೇಮಿಯಾ ಮೇಲೆ ನಡೆದ ಪ್ರಯೋಗಗಳು ಅದನ್ನು ತಿರುಗಿಸಿದವು. ಕೀಟಗಳನ್ನು ತಡೆದರೆ ಬೀಜ ಕಟ್ಟಲಿಲ್ಲ. ಸೊಂಡಿಲಿನ ಪುಟ್ಟ ಜೀರುಂಡೆಗಳು ಗಂಡು ಶಂಕುವಿನೊಳಗೇ ಹುಟ್ಟಿ, ಅದನ್ನೇ ತಿಂದು, ಪರಾಗ ಮೆತ್ತಿಕೊಂಡು ಹೊರಡುತ್ತಿದ್ದವು.

ಇವುಗಳಲ್ಲಿ ಅತಿ ಸೊಗಸಾದ ಏರ್ಪಾಡು ಆಸ್ಟ್ರೇಲಿಯಾದ ಮ್ಯಾಕ್ರೊಜೇಮಿಯಾ ಲೂಸಿಡಾದ್ದು. ಅದರ ಪರಾಗ ಒಯ್ಯುವುದು ಥ್ರಿಪ್ಸ್ ಎಂಬ ಪುಡಿಹುಳು. ಹಗಲು ಹೊತ್ತಿನಲ್ಲಿ ಗಂಡು ಶಂಕು ತನ್ನ ಪಿಷ್ಟ ಸುಟ್ಟು ಸುತ್ತಲಿನ ಗಾಳಿಗಿಂತ 12 ಡಿಗ್ರಿ ಸೆಲ್ಸಿಯಸ್‌ವರೆಗೂ ಬಿಸಿಯಾಗುತ್ತದೆ, ಅದರೊಂದಿಗೆ ಮಿರ್ಸೀನ್ ಎಂಬ ಘಾಟುವಾಸನೆ ಹತ್ತಾರು ಪಟ್ಟು ಏರುತ್ತದೆ. ಸ್ವಲ್ಪವಿದ್ದಾಗ ಕರೆಯುವ ಅದೇ ವಾಸನೆ ಹೆಚ್ಚಾದಾಗ ತಡೆಯಲಾಗದೆ ಹುಳುಗಳು ಹೊರಬೀಳುತ್ತವೆ. ಹೆಣ್ಣು ಶಂಕುವೂ ಅದೇ ವಾಸನೆ ಬೀರುತ್ತದೆ, ಆದರೆ ಮೆಲ್ಲಗೆ. ಹೊರಬಿದ್ದ ಹುಳುಗಳಲ್ಲಿ ಕೆಲವು ಮೋಸಹೋಗಿ ಅಲ್ಲಿಗೆ ಹೊಗುತ್ತವೆ. ಅವಕ್ಕೆ ಅಲ್ಲಿ ತಿನ್ನಲು ಏನೂ ಇಲ್ಲ. ಗಿಡಕ್ಕೆ ಮಾತ್ರ ಪರಾಗ ಸಿಕ್ಕಿತು.

ಹೆಣ್ಣು ಅಂಗಗಳ ವಿಷಯದಲ್ಲಿ ಉತ್ತರಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ತಪ್ಪೊಂದಿದೆ: ಸೈಕಸ್‌ನ ಹೆಣ್ಣು ಶಂಕು ಎಂದು ಚಿತ್ರ ಬರೆಯುವುದು. ಸೈಕಸ್‌ಗೆ ಹೆಣ್ಣು ಶಂಕುವೇ ಇಲ್ಲ. ಕಾಂಡದ ತುದಿಯಲ್ಲಿ ಎಲೆಗಳ ಹಾಗೆಯೇ ಕಂದು ತುಪ್ಪಳದ ಅಂಡಪತ್ರಗಳ ಒಂದು ಸುತ್ತು ಬರುತ್ತದೆ. ಅವುಗಳ ತುದಿ ಇನ್ನೂ ಎಲೆಯ ಹಾಗೆ ಸೀಳಿರುತ್ತದೆ, ಬುಡದ ಎರಡೂ ಅಂಚಿಗೆ ಅಂಡಕಗಳು ಅಂಟಿಕೊಂಡಿರುತ್ತವೆ. ಆಮೇಲೆ ಅದೇ ಮೊಗ್ಗು ಮುಂದುವರಿದು ಮತ್ತೆ ಎಲೆ ಬಿಡುತ್ತದೆ. ಗಂಡು ಗಿಡದಲ್ಲಿ ಹಾಗಲ್ಲ. ಶಂಕು ತುದಿಮೊಗ್ಗನ್ನೇ ಬಳಸಿಕೊಂಡುಬಿಡುತ್ತದೆ, ಬೆಳವಣಿಗೆ ಪಕ್ಕದ ಹೊಸ ಮೊಗ್ಗಿನಿಂದ ಮುಂದುವರಿಯುತ್ತದೆ. ಸೈಕಸ್ ಬಿಟ್ಟು ಉಳಿದ ಒಂಬತ್ತು ಕುಲಗಳಲ್ಲಿ ಹೆಣ್ಣಿಗೂ ನಿಜವಾದ ಶಂಕು ಇದೆ.

ಪೈನ್‌ನ ಹೆಣ್ಣು ಶಂಕು ಇದಕ್ಕಿಂತ ಜಟಿಲ. ಅದರ ಒಂದೊಂದು ಹುರುಪೆಯ ಕೆಳಗೂ ಬೇರೆಯದೇ ಆದ ತೆಳು ಹೊಟ್ಟೆಲೆ ಇದೆ, ಅಂಡಕ ಹೊತ್ತ ಗಟ್ಟಿ ಹುರುಪೆ ಆ ಹೊಟ್ಟೆಲೆಯ ಕಂಕುಳಲ್ಲಿ ಹುಟ್ಟಿದ್ದು. ಎಲೆಯ ಕಂಕುಳಲ್ಲಿ ಹುಟ್ಟುವುದು ರೆಂಬೆ. ಹಾಗಾದರೆ ಆ ಹುರುಪೆ ಕುಗ್ಗಿ ಚಪ್ಪಟೆಯಾದ ಒಂದು ರೆಂಬೆ, ಇಡೀ ಶಂಕು ರೆಂಬೆಗಳ ಗೊಂಚಲು. ಸ್ವೀಡನ್ನಿನ ರುಡಾಲ್ಫ್ ಫ್ಲೋರಿನ್ ಇದನ್ನು ಪಳೆಯುಳಿಕೆಗಳ ಸರಣಿಯಿಂದ ತೋರಿಸಿಕೊಟ್ಟರು. ಗಂಡು ಶಂಕು ಮಾತ್ರ ಸರಳ, ಅದರ ಹುರುಪೆ ಬರೀ ಎಲೆ. ಒಂದೇ ಮರದ ಎರಡು ಶಂಕುಗಳು ರಚನೆಯಲ್ಲಿ ಸಮಾನವಲ್ಲ ಎನ್ನುವುದು ನೆನಪಿರಲಿ.

ಈಜು ಬಿಟ್ಟದ್ದು, ಈಜು ಉಳಿಸಿಕೊಂಡದ್ದು

1896ರಲ್ಲಿ ಜಪಾನಿನಲ್ಲಿ ಹಿರಾಸೆ ಸಾಕುಗೊರೊ ಗಿಂಕೊ ಮರದಲ್ಲಿ ಈಜುವ ವೀರ್ಯಾಣುಗಳನ್ನು ಕಂಡರು. ಅದೇ ವರ್ಷ ಇಕೆನೊ ಸೇಯಿಚಿರೊ ಸೈಕಸ್ ರೆವೊಲ್ಯೂಟಾದಲ್ಲಿ ಅವನ್ನೇ ಕಂಡರು. ಬೀಜ ಬಿಡುವ ಗಿಡಕ್ಕೆ ಹಾವಸೆ, ಜರೀಗಿಡಗಳ ಹಾಗೆ ಈಜುವ ವೀರ್ಯಾಣು ಇರಬಹುದೆಂದು ಯಾರೂ ನೋಡಿ ತೋರಿಸಿರಲಿಲ್ಲ.

ಇಲ್ಲಿ ನಿಧಾನವಾಗಿ ನೋಡಬೇಕು. ಸೈಕ್ಯಾಡ್‌ನ ಪರಾಗ ಅಂಡಕದೊಳಗೆ ಬಂದು ನಾಳ ಬಿಡುತ್ತದೆ. ಆ ನಾಳದ ಕೆಲಸ ಅಂಡದತ್ತ ದಾರಿ ಮಾಡುವುದಲ್ಲ. ಅದು ಬೇರಿನ ಹಾಗೆ ಪಕ್ಕದ ಅಂಗಾಂಶಕ್ಕೆ ಇಳಿದು, ಕವಲೊಡೆದು, ತಿಂಗಳುಗಟ್ಟಲೆ ಉಣ್ಣುತ್ತದೆ. ಪರಾಗ ಬಿದ್ದು ನಾಲ್ಕೈದು ತಿಂಗಳಾದ ಮೇಲೆ ನಾಳದ ಇನ್ನೊಂದು ತುದಿ, ಅಂದರೆ ಪರಾಗಕಣ ಇದ್ದ ಬುಡದ ಕಡೆ, ಉಬ್ಬಿ ಅಂಡದ ಮೇಲಿನ ಚಿಕ್ಕ ಕುಹರದೊಳಗೆ ತೂಗುತ್ತದೆ. ಅದರೊಳಗೆ ಎರಡು ವೀರ್ಯಾಣುಗಳು, ಸೈಕ್ಯಾಡ್‌ಗಳದೇ ಇನ್ನೊಂದು ಕುಲವಾದ ಮೈಕ್ರೊಸೈಕಸ್‌ನಲ್ಲಾದರೆ ಹನ್ನೆರಡಕ್ಕೂ ಮಿಕ್ಕಿ. ಉಬ್ಬು ಒಡೆದು ದ್ರವವೂ ವೀರ್ಯಾಣುಗಳೂ ಕುಹರಕ್ಕೆ ಬೀಳುತ್ತವೆ. ಬುಗುರಿಯಾಕಾರದ ಒಂದೊಂದು ವೀರ್ಯಾಣುವಿನ ಸುತ್ತಲೂ ಸುರುಳಿಪಟ್ಟಿ, ಅದರ ಮೇಲೆ ಹತ್ತಾರು ಸಾವಿರ ಕಶಾಂಗಗಳು, ಅಂದರೆ ಈಜಲು ಬಡಿಯುವ ಚಾವಟಿಯಂಥ ಎಳೆಗಳು. ಜೇಮಿಯಾದಲ್ಲಿ ವೀರ್ಯಾಣುವಿನ ಗಾತ್ರ 0.3 ಮಿ.ಮೀ.ನ ಆಸುಪಾಸು. ಸಸ್ಯಲೋಕದಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಒಳ್ಳೆಯ ಬೆಳಕಿನಲ್ಲಿ ಬರಿಗಣ್ಣಿಗೇ ಚಲಿಸುವ ಚುಕ್ಕೆಯಾಗಿ ಕಾಣುತ್ತದೆ. ಇಷ್ಟೆಲ್ಲ ಸಜ್ಜಾಗಿ ಅದು ಈಜಬೇಕಾದ ದೂರ ಒಂದು ಹನಿಯ ಅಗಲವಷ್ಟೇ. ಹೊರಗಿನ ಮಳೆಯನ್ನು ಕಾಯದೆ ನೀರನ್ನು ತನ್ನ ಅಂಡಕದೊಳಗೇ ಇಟ್ಟುಕೊಂಡ ಗಿಡ ಇದು.

ಪೈನ್ ಈ ಈಜನ್ನೇ ಕೈಬಿಟ್ಟಿತು. ಅದರ ಗಂಡು ಕೋಶಗಳಿಗೆ ಕಶಾಂಗವಿಲ್ಲ, ಪರಾಗನಾಳವೇ ಅಂಡದ ಬಾಗಿಲವರೆಗೆ ಕೊರೆದುಕೊಂಡು ಹೋಗಿ ಅವನ್ನು ಇಳಿಸುತ್ತದೆ. ದಾರಿ ಮಾತ್ರ ಬಹಳ ನಿಧಾನ. ವಸಂತದಲ್ಲಿ ಪರಾಗ ಬಿದ್ದಾಗ ಅಂಡಕದಲ್ಲಿ ಅಂಡವೇ ಇನ್ನೂ ಆಗಿರುವುದಿಲ್ಲ. ಶಂಕು ಮುಚ್ಚಿಕೊಳ್ಳುತ್ತದೆ, ನಾಳ ಸ್ವಲ್ಪ ಬೆಳೆದು ಚಳಿಗಾಲವಿಡೀ ನಿಂತಿರುತ್ತದೆ. ಮರುವರ್ಷ ಹೆಣ್ಣು ಅಂಗಾಂಶದಲ್ಲಿ ಸುಮಾರು 2,000 ಕೋಶಕೇಂದ್ರಗಳಾಗಿ, ಅವುಗಳ ನಡುವೆ ಗೋಡೆ ಎದ್ದು, ಅಂಡ ಸಿದ್ಧವಾಗುತ್ತದೆ. ಪರಾಗ ಬಿದ್ದು ಒಂದು ವರ್ಷ ಕಳೆದ ಮೇಲೆ ಅಂಡ ಫಲಿತವಾಗುತ್ತದೆ, ಆ ಶರತ್ಕಾಲಕ್ಕೆ ಬೀಜ ಬಲಿಯುತ್ತದೆ. ಒಂದೇ ಕೊಂಬೆಯಲ್ಲಿ ಬಟಾಣಿಗಾತ್ರದ ಎಳೆ ಶಂಕು, ಅದರ ಹಿಂದೆ ಹಸಿರು ಶಂಕು, ಅದರ ಹಿಂದೆ ಬಾಯ್ಬಿಟ್ಟ ಒಣ ಶಂಕು ಕಾಣುವುದು ಇದಕ್ಕೇ.

ಈ ನಿಧಾನದಲ್ಲಿ ಒಂದು ಜಾಣತನವಿದೆ. ಪೈನ್‌ನಲ್ಲಿ ಪರಾಗ ಸಿಗದ ಅಂಡಕ ಬೇಗನೆ ಬಾಡುತ್ತದೆ. ಶಂಕುವಿನ ಬಹುಪಾಲು ಅಂಡಕಗಳಿಗೆ ಪರಾಗ ಸಿಗದಿದ್ದರೆ ಮೊದಲ ವರ್ಷವೇ ಶಂಕು ಉದುರುತ್ತದೆ. ಮೊದಲು ಖಾತ್ರಿ, ಆಮೇಲೆ ಖರ್ಚು. ಸೈಕಸ್‌ನಲ್ಲಿ ಪರಾಗ ಸಿಗದಿದ್ದರೂ ಅಂಡಕ ದಪ್ಪವಾಗುತ್ತದೆ, ಬಣ್ಣವೂ ಬರುತ್ತದೆ, ಒಳಗೆ ಆಹಾರವೂ ತುಂಬುತ್ತದೆ, ಭ್ರೂಣ ಮಾತ್ರ ಇರುವುದಿಲ್ಲ. ಗಂಡು ಗಿಡವಿಲ್ಲದ ಕಡೆ ಕೆಂಪಗೆ ಹಣ್ಣಾದಂತೆ ಕಾಣುವ ಸೈಕಸ್ ಬೀಜಗಳನ್ನು ನೆಟ್ಟು ವರ್ಷವಿಡೀ ಕಾದು ನಿರಾಶರಾಗುವುದು ಇದರಿಂದಲೇ.

ಬೀಜ ಕೈಗೆ ಬಂದಮೇಲೆ

ಸೈಕಸ್ ಬೀಜ ನೆಡುವವರಿಗೆ ಕೆಲವು ಮಾತು. ಸಿಪ್ಪೆಯಲ್ಲಿ ಸೈಕಾಸಿನ್ ಎಂಬ ವಿಷವಿದೆ, ಬೀಜದೊಳಗೂ ಎಲೆಯಲ್ಲೂ ಇದೆ. ಕೈಗವಸು ಹಾಕಿಕೊಂಡು ಮೇಲಿನ ತಿರುಳು ತೆಗೆಯಿರಿ. ಅದನ್ನು ಬಿಟ್ಟರೆ ಮೊಳಕೆ ತಡವಾಗುತ್ತದೆ, ಬೂಸ್ಟೂ ಹಿಡಿಯುತ್ತದೆ. ನಾಯಿ, ದನ ಇವುಗಳ ಬಾಯಿಗೆ ಸಿಗದಂತೆ ಇಡಿ. ಬೀಜ ಉದುರಿದ ಕೂಡಲೇ ನೆಡುವ ಆತುರ ಬೇಡ, ಭ್ರೂಣ ಆಗ ಇನ್ನೂ ಎಳೆಯದು, ಮೂರರಿಂದ ಆರು ತಿಂಗಳು ನೆರಳಿನಲ್ಲಿ ಇಟ್ಟರೆ ಬಲಿಯುತ್ತದೆ. ಆಮೇಲೆ ಒಂದೆರಡು ದಿನ ನೀರು ಬದಲಿಸುತ್ತಾ ನೆನೆಸಿ. ತೇಲಿದವು ಹೆಚ್ಚಾಗಿ ಜೊಳ್ಳು, ಆದರೆ ಸಮುದ್ರತೀರದ ಕೆಲವು ಸೈಕಸ್‌ಗಳ ಬೀಜದೊಳಗೆ ಸ್ಪಂಜಿನಂಥ ಪದರವಿದ್ದು ಗಟ್ಟಿ ಬೀಜವೂ ತೇಲುತ್ತದೆ. ಒರಟು ಮರಳಿನಲ್ಲಿ ಅಡ್ಡ ಮಲಗಿಸಿ ಅರ್ಧ ಮುಚ್ಚಿ, 25ರಿಂದ 30 ಡಿಗ್ರಿ ಶಾಖ ಇರಲಿ. ಮೊದಲು ಬರುವುದು ಬೇರು, ಎಲೆ ಬರಲು ಮತ್ತೆ ತಿಂಗಳುಗಳು. ಬೇರು ಬಂದ ಮೇಲೆ ಎಲೆ ಕಾಣಲಿಲ್ಲವೆಂದು ದಿನವೂ ನೀರು ಹೊಯ್ದರೆ ಬೇರು ಕೊಳೆಯುತ್ತದೆ. ಸೈಕಸ್ ಸಸಿಗಳು ಸಾಯುವುದಕ್ಕೆ ಬಾಯಾರಿಕೆಗಿಂತ ಇದೇ ದೊಡ್ಡ ಕಾರಣ.

ಪೈನ್ ಬೀಜ ಇದಕ್ಕಿಂತ ಸುಲಭ. ತಂಪುನಾಡಿನ ಹಲವು ಪ್ರಭೇದಗಳಿಗೆ ಒದ್ದೆ ಮರಳಿನಲ್ಲಿ 1ರಿಂದ 5 ಡಿಗ್ರಿಯಲ್ಲಿ ಒಂದೆರಡು ತಿಂಗಳ ತಂಪು ಕೊಟ್ಟರೆ ಒಟ್ಟಿಗೇ ಮೊಳೆಯುತ್ತವೆ. ಮೊಳಕೆ ಬೀಜದ ಟೋಪಿ ಹೊತ್ತು ಮೇಲೆದ್ದು ಛತ್ರಿಯಂತೆ ಹಲವು ಬೀಜದಳ ಬಿಚ್ಚುತ್ತದೆ. ಸೈಕಸ್‌ನ ಎರಡು ಬೀಜದಳಗಳು ಬೀಜದೊಳಗೇ ಉಳಿದು ಆಹಾರ ಹೀರುತ್ತವೆ.

ಶಂಕುವಿನ ಹುರುಪೆ ಬಿಚ್ಚುವುದಕ್ಕೆ ಜೀವ ಬೇಕಿಲ್ಲ. ವರ್ಷಗಳ ಹಿಂದೆ ಉದುರಿದ ಪೈನ್ ಶಂಕುವನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಕೆಲವು ಗಂಟೆಗಳಲ್ಲಿ ಮುಚ್ಚಿಕೊಳ್ಳುತ್ತದೆ, ಬಿಸಿಲಿಗಿಟ್ಟರೆ ಮತ್ತೆ ಬಿಚ್ಚುತ್ತದೆ. ಹುರುಪೆಯ ಎರಡು ಪದರಗಳಲ್ಲಿ ಒಂದು ನೀರಿಗೆ ಹೆಚ್ಚು ಹಿಗ್ಗುತ್ತದೆ, ಆ ವ್ಯತ್ಯಾಸವೇ ಯಂತ್ರ. ರೆಕ್ಕೆಬೀಜ ದೂರ ಹಾರುವುದು ಒಣದಿನದಲ್ಲಿ, ಅದಕ್ಕೇ ಈ ಏರ್ಪಾಡು. ಲಾಡ್ಜ್‌ಪೋಲ್, ಜ್ಯಾಕ್ ಪೈನ್‌ಗಳ ಹಲವು ಶಂಕುಗಳಿಗೆ ಬಿಸಿಲೂ ಸಾಲದು. ಹುರುಪೆಗಳನ್ನು ರಾಳ ಬೆಸೆದಿರುತ್ತದೆ, ಕಾಡ್ಗಿಚ್ಚಿನ ಶಾಖಕ್ಕೆ ರಾಳ ಕರಗಿದಾಗ ಮಾತ್ರ ಬೀಜ ಬೂದಿಯ ಮೇಲೆ ಬೀಳುತ್ತದೆ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಸಿಕ್ಕ, ಈವರೆಗಿನ ಅತಿ ಹಳೆಯ ಪೈನ್ ಪಳೆಯುಳಿಕೆಗಳು 13–14 ಕೋಟಿ ವರ್ಷದವು, ಅವೂ ಸುಟ್ಟ ಇದ್ದಿಲಿನ ರೂಪದಲ್ಲೇ ಇದ್ದವು.

ಬೆಂಕಿಯನ್ನು ಸೈಕ್ಯಾಡ್ ಎದುರಿಸುವ ಬಗೆ ಬೇರೆ. ಎಲೆಬುಡಗಳ ಕವಚದೊಳಗೆ ಮೊಗ್ಗು ಭದ್ರ. ಕೆಲವು ಪ್ರಭೇದಗಳಲ್ಲಿ ಬೇರುಗಳೇ ಕುಗ್ಗಿ ಕಾಂಡವನ್ನು ನೆಲದೊಳಕ್ಕೆ ಎಳೆದುಕೊಳ್ಳುತ್ತವೆ. ಸುಟ್ಟ ಎಲೆಗಳ ಜಾಗದಲ್ಲಿ ಕಣಜದ ಪಿಷ್ಟದಿಂದ ಹೊಸ ಸುತ್ತು ಏಳುತ್ತದೆ. ಹುಳುಗಳ ವಿರುದ್ಧ ಪೈನ್‌ಗೆ ರಾಳ, ಸೈಕ್ಯಾಡ್‌ಗೆ ವಿಷ. ಎರಡಕ್ಕೂ ಸೋಲುವ ಕಡೆಯಿದೆ. ಪರನಾಡಿಗೆ ಹೋದ ಪೈನ್‌ಮರದ ದಾರಹುಳು ಜಪಾನಿನ ಪೈನ್ ಕಾಡುಗಳನ್ನು ಒಣಗಿಸಿತು. ಏಷ್ಯಾದ ಆಗ್ನೇಯ ಮೂಲದ ಬಿಳಿ ಶಲ್ಕಕೀಟ 2003ರಲ್ಲಿ ಗುವಾಮ್ ದ್ವೀಪ ಸೇರಿ ಅಲ್ಲಿನ ಸೈಕಸ್ ಕಾಡನ್ನೇ ಕೊಂದುಹಾಕುತ್ತ ಬಂದಿದೆ. ಎಲೆಯ ಅಡಿಯಲ್ಲಿ ಸುಣ್ಣ ಚಿಮುಕಿಸಿದಂತೆ ಕಂಡರೆ ಅದೇ. ಅದು ಬೇರಿನಲ್ಲೂ ಅಡಗುವುದರಿಂದ ಎಲೆಗೆ ಮಾತ್ರ ಔಷಧಿ ಹೊಡೆದರೆ ಮರಳಿ ಬರುತ್ತದೆ. ಹೊಸ ಎಲೆಗಳು ಹಳದಿಯಾಗಿ ಸುಟ್ಟಂತೆ ಮುದುಡಿದರೆ ಮಾತ್ರ ಕೀಟವನ್ನು ಹುಡುಕುವ ಮೊದಲು ಮಣ್ಣಿನ ಮ್ಯಾಂಗನೀಸ್ ಕೊರತೆಯನ್ನು ನೋಡಿ. ಸುಣ್ಣದ ಮಣ್ಣಿನಲ್ಲಿ ಇದು ಹೆಚ್ಚು. ಆಗ ಮ್ಯಾಂಗನೀಸ್ ಸಲ್ಫೇಟ್ ಕೊಡಬೇಕು. ಕೆಟ್ಟ ಎಲೆ ಸರಿಹೋಗುವುದಿಲ್ಲ, ಮುಂದಿನ ಸುತ್ತು ಚೆನ್ನಾಗಿ ಬರುತ್ತದೆ.

ಸೈಕ್ಯಾಡ್‌ಗಳನ್ನು ಜೀವಂತ ಪಳೆಯುಳಿಕೆ ಎನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ವಂಶ ಹಳೆಯದು, 25 ಕೋಟಿ ವರ್ಷಕ್ಕೂ ಹಿಂದಿನದು, ಅದು ನಿಜ. ಆದರೆ 2011ರಲ್ಲಿ ಪ್ರಕಟವಾದ ಜೀನ್ ಅಧ್ಯಯನದ ಪ್ರಕಾರ ಇಂದು ಬದುಕಿರುವ ಪ್ರಭೇದಗಳಲ್ಲಿ ಹೆಚ್ಚಿನವು ಕಳೆದ ಸುಮಾರು 1.2 ಕೋಟಿ ವರ್ಷಗಳಲ್ಲಿ ಕವಲೊಡೆದಂಥವು. ಡೈನೋಸಾರ್ ತಿಂದ ಪ್ರಭೇದ ನಮ್ಮ ಕುಂಡದಲ್ಲಿಲ್ಲ. ಹಾಗಾಗಿ ಸೈಕ್ಯಾಡ್ ಹಿಂದುಳಿದದ್ದು, ಪೈನ್ ಮುಂದುವರಿದದ್ದು ಎಂದು ಅಂಕ ಹಾಕುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು.

ಕೊನೆಯದಾಗಿ, ಈ ವಿಷಯ ಮಾತಾಡಿದಾಗಲೆಲ್ಲ ಬರುವ ಪ್ರಶ್ನೆ: ಎಳೆಯ ಸೈಕ್ಯಾಡ್ ನೋಡಿ ಗಂಡೋ ಹೆಣ್ಣೋ ಹೇಳಬಹುದೇ? ನೋಟದಿಂದ ಆಗದು, ಶಂಕು ಬರುವವರೆಗೆ ಕಾಯಬೇಕು, ಅದಕ್ಕೆ ಹಲವು ವರ್ಷ ಬೇಕು. ಸೈಕಸ್‌ನ ಪೂರ್ಣ ಜೀನೋಮ್ 2022ರಲ್ಲಿ ಪ್ರಕಟವಾದಾಗ ಗಂಡು ಗಿಡಗಳಲ್ಲಿ ಮಾತ್ರ ಇರುವ ವರ್ಣತಂತುವಿನ ಭಾಗವೊಂದು ಗೊತ್ತಾಯಿತು, ಎಲೆಯ ಚೂರಿನಿಂದ ಪರೀಕ್ಷೆ ಮಾಡುವ ದಾರಿ ಅದರಿಂದ ತೆರೆದಿದೆ. ಗಂಡು ಹೆಣ್ಣು ಬೇರೆಯಾಗಿರುವುದರ ಬೆಲೆ ಏನೆಂದು ತಿಳಿಯಲು ಎನ್ಸೆಫಲಾರ್ಟಸ್ ವುಡಿಯನ್ನು ನೋಡಿ. 1895ರಲ್ಲಿ ಜಾನ್ ಮೆಡ್ಲಿ ವುಡ್ ದಕ್ಷಿಣ ಆಫ್ರಿಕದ ಒನ್ಗೋಯೆ ಕಾಡಿನಲ್ಲಿ ಅದರ ಒಂದೇ ಒಂದು ಗುಂಪನ್ನು ಕಂಡರು, ಅದು ಗಂಡು. ಹೆಣ್ಣು ಗಿಡ ಇಂದಿನವರೆಗೂ ಸಿಕ್ಕಿಲ್ಲ. ಇಂದು ಜಗತ್ತಿನ ಸಸ್ಯೋದ್ಯಾನಗಳಲ್ಲಿರುವ ಅದರ ಗಿಡಗಳೆಲ್ಲ ಆ ಗುಂಪಿನ ಬುಡದ ಮರಿಗಳಿಂದ ಬೆಳೆದವು. ಅವು ಈಗಲೂ ಶಂಕು ಬಿಡುತ್ತವೆ, ಪರಾಗ ಚೆಲ್ಲುತ್ತವೆ. ತೋಟಗಾರರು ಆ ಪರಾಗವನ್ನು ಹತ್ತಿರದ ನೆಂಟ ಎನ್ಸೆಫಲಾರ್ಟಸ್ ನಟಾಲೆನ್ಸಿಸ್‌ನ ಹೆಣ್ಣುಗಿಡಕ್ಕೆ ಹಾಕಿ, ಹುಟ್ಟಿದ ಹೆಣ್ಣು ಸಸಿಗಳಿಗೆ ಮತ್ತೆ ವುಡಿಯದೇ ಪರಾಗ ಹಾಕುತ್ತ, ತಲೆಮಾರಿನಿಂದ ತಲೆಮಾರಿಗೆ ವುಡಿಯನ್ನು ಹೆಚ್ಚು ಹೆಚ್ಚು ಹೋಲುವ ಒಂದು ಹೆಣ್ಣನ್ನು ಬೆಳೆಸುವ ಪ್ರಯತ್ನದಲ್ಲಿದ್ದಾರೆ.